ಉಪ್ಪುನೀರಿನ ಪಾಲು

ಗಂಡ ಆರೋಗ್ಯವಾಗಿದ್ದ ಕೊನೆಯ ದಿನ ಹೆಂಡತಿ ಅವರೊಡನೆ ಏನು ಮಾತಾಡಿದಳು ಎಂದು ಕೇಳುವವರು ಏನಾದರೂ ಗಂಭೀರವಾದ ಉತ್ತರವನ್ನೇ ನಿರೀಕ್ಷಿಸುತ್ತಾರೆ. ನಾನು ಮಾತಾಡಿದ್ದು ಗೇಟಿನ ಗ್ರೀಸಿನ ಬಗ್ಗೆ. ಅಂದು ಕಾರ್ಕಳದಿಂದ ನನ್ನ ಅಕ್ಕ ಬಂದಿದ್ದಳು. ಕಾಪುವಿನ ನಮ್ಮ ಮನೆಯ ಗೇಟು ತೆರೆದು ಒಳಗೆ ಬರುವಷ್ಟರಲ್ಲಿ ಅವಳ ತಿಳಿಹಳದಿ ಸೀರೆಯ ನೆರಿಗೆಗೆ ಅಂಗೈ ಅಗಲದ ಕಪ್ಪು ಕಲೆ ಹತ್ತಿತ್ತು. ಅದಕ್ಕೆ ಸೀಮೆಎಣ್ಣೆ ಹಾಕಿ ತಿಕ್ಕುತ್ತಾ, ಈ ಮನೆಯಲ್ಲಿ ಮುಟ್ಟಿದರೆ ಕೈಗೆ ಅಂಟದ ವಸ್ತು ಒಂದಾದರೂ ಉಂಟಾ ಎಂದು ನಮ್ಮವರನ್ನು ಕೇಳಿದೆ. ಅವರು ಸಾವಧಾನವಾಗಿ, "ತುಕ್ಕು ಹಿಡಿದರೆ ಗೇಟೇ ಹೋಗ್ತದೆ ಮಾರಾಯ್ತಿ. ಸೀರೆ ಆದರೆ ಒಗೆಯಬಹುದಲ್ಲ" ಎಂದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡರು. ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಹೊರಟೆವು. ಉದ್ಯಾವರದ ಸೇತುವೆ ಬಂದಾಗ ಅವರು ಕಿಟಕಿಯ ಕಡೆ ತಿರುಗಿ, ಮಳೆಗಾಲಕ್ಕೆಂದು ಹೊಳೆಯ ದಡಕ್ಕೆ ಎಳೆದಿಟ್ಟ ಬೋಟುಗಳನ್ನು ನೋಡಿದರು. ಸಂಜೆ ಅವರ ದೇಹವನ್ನು ಅದೇ ಸೇತುವೆಯ ಮೇಲಿನಿಂದ ಮನೆಗೆ ತಂದೆವು.

ಕೆಲವರಿಗೆ ಕಳ್ಳರ ಹೆದರಿಕೆ, ಕೆಲವರಿಗೆ ಹಾವಿನ ಹೆದರಿಕೆ. ನಮ್ಮವರಿಗೆ ಉಪ್ಪುಗಾಳಿಯ ಹೆದರಿಕೆ. ಅವರು ಮತ್ತು ನನ್ನ ಮೈದುನ ಗೋಪಾಲ ಸೇರಿ ಒಂದು ಮೀನು ಹಿಡಿಯುವ ಬೋಟು ಇಟ್ಟುಕೊಂಡಿದ್ದರು. ಎರಡು ಮನೆಗಳ ಅನ್ನ ಅದರದ್ದೇ. ಬೋಟಿನ ಹಿಂಭಾಗದಲ್ಲಿ, ನೀರಿನ ಅಡಿಯಲ್ಲಿ ತಿರುಗಿ ಬೋಟನ್ನು ಮುಂದಕ್ಕೆ ತಳ್ಳುವ ಪಂಕದ ಪಕ್ಕ ಇವರು ಪ್ರತಿ ಮಳೆಗಾಲದಲ್ಲಿ ಒಂದು ಜಿಂಕ್ ಗಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ನೋಡಲು ಬೂದುಬಣ್ಣದ, ಯಾವ ಲಕ್ಷಣವೂ ಇಲ್ಲದ ಮುದ್ದೆ. ಉಪ್ಪುನೀರು ಮೊದಲು ಅದನ್ನು ತಿನ್ನುತ್ತದೆಯಂತೆ. ಅದು ಇರುವ ತನಕ ಪಂಕದ ತಂಟೆಗೆ ಹೋಗುವುದಿಲ್ಲವಂತೆ. ನನಗೆ ಇದು ಅರ್ಥವಾದದ್ದು ಅಡಿಗೆಮನೆಯ ಲೆಕ್ಕದಲ್ಲಿ. ಬೆಕ್ಕಿಗೆ ಬಂಗುಡೆಯ ತಲೆ ಹಾಕಿಬಿಟ್ಟರೆ ಕಾವಲಿಯ ಮೇಲಿನ ಮೀನು ಉಳಿಯುತ್ತದಲ್ಲ, ಹಾಗೆ. ಅದನ್ನು ಹೇಳಿದಾಗ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನವೇ ಬಾವಿಯ ಕಬ್ಬಿಣದ ಬಾಲ್ದಿಗೂ ಒಂದು ಜಿಂಕ್ ತುಂಡು ಕಟ್ಟಿದರು. ಅಕ್ಕ ಅದನ್ನು ಯಾರೋ ಮಂತ್ರವಾದಿ ಕೊಟ್ಟದ್ದೆಂದು ತಿಳಿದು, ನೀರು ಸೇದುವ ಮೊದಲು ಕೈಮುಗಿದಳು. ನನ್ನ ಹೊಲಿಗೆ ಮಿಶಿನಿಗೆ, ಕೊಡೆಯ ಕಡ್ಡಿಗಳಿಗೆ, ತುರಿಯುವ ಮಣೆಯ ಕಾಲಿಗೆ ಎಲ್ಲ ಗ್ರೀಸು. ಕಾಯಿ ತುರಿಯುವ ಹಲ್ಲಿಗೆ ಹಚ್ಚದೆ ಬಿಟ್ಟದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ಈಗ ನಂಬಿಕೊಂಡಿದ್ದೇನೆ.

ಮಳೆಗಾಲ ಮುಗಿಯುತ್ತಾ ಬಂತು. ಬೋಟನ್ನು ನೀರಿಗೆ ಇಳಿಸುವ ಪೂಜೆಗೆ ದಿನ ಗೊತ್ತಾಯಿತು. ಆ ದಿನ ನಾನು ಅಲ್ಲಿ ಕಾಣಿಸಿಕೊಳ್ಳುವುದು ಜನರಿಗೆ ಸರಿಬೀಳುವುದಿಲ್ಲ. ಹಾಗಾಗಿ ಹಿಂದಿನ ದಿನವೇ, ಅವರು ದುಡಿದ ಬೋಟನ್ನು ಒಮ್ಮೆ ನೋಡಿ ಬರೋಣವೆಂದು ಉದ್ಯಾವರದ ದಡಕ್ಕೆ ಹೋದೆ. ಗೋಪಾಲ ಅಣ್ಣನ ನೆನಪಿಗೆಂದು ಬೋಟನ್ನು ಮದುಮಗಳ ಹಾಗೆ ಸಿಂಗರಿಸಿದ್ದ. ನೀಲಿ ಮೈ, ಹಳದಿ ಪಟ್ಟಿ. ಹಿಂದೆ ಹೋಗಿ ಬಗ್ಗಿ ನೋಡಿದರೆ ಜಿಂಕ್ ಗಟ್ಟಿಗೂ ದಪ್ಪಗೆ ಕೆಂಪು ಬಣ್ಣ ಬಳಿದಿದ್ದ, ಎರಡು ಕೋಟು.

ಇದೆಂತ ಮಾಡಿದ್ದೀರಿ ಎಂದು ಕೇಳಿದೆ. ಆ ಬೂದಿಬಣ್ಣದ ಮುದ್ದೆ ಸೂತಕದ ಮನೆಯ ಹಾಗೆ ಕಾಣುತ್ತಿತ್ತು, ಅಣ್ಣ ಕೊನೆಯದಾಗಿ ಕೈಯಾರೆ ಬಿಗಿದದ್ದು, ಅದೊಂದನ್ನು ಹೇಗೆ ಹಾಗೇ ಬಿಡುವುದು ಎಂದ. ಕೆರೆಯಬೇಕು ಎಂದೆ. ಬೇಡ ಎಂದ. ಬೋಟಿನ ವಿಷಯ ಹೆಂಗಸರಿಗೆಂತ ಗೊತ್ತು ಎಂದು ಅವನು ಹೇಳಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿದ, ಅಷ್ಟೆ. ನನಗೆ ನಡುಕಡಲಿನಲ್ಲಿ ಪಂಕ ಮುರಿದು ಗಾಳಿಗೆ ತೇಲುತ್ತಿರುವ ಬೋಟು, ಅದರಲ್ಲಿ ಕೂತ ಇವನು ಕಣ್ಣಿಗೆ ಕಟ್ಟಿದಂತಾಯಿತು. ಒಂದು ಮನೆಗೆ ಒಬ್ಬರು ಹೋದದ್ದು ಸಾಕು.

"ಗೋಪಾಲ, ಬೆಕ್ಕಿಗೆ ಬಂಗುಡೆಯ ತಲೆ ಹಾಕಿ, ಅದರ ಮೇಲೆ ಪಾತ್ರೆ ಕವುಚಿ ಹಾಕಿದರೆ ಬೆಕ್ಕು ಎಂತ ಮಾಡ್ತದೆ?"

ಅವನು ಡಬ್ಬಿಯನ್ನು ಕೆಳಗಿಟ್ಟ. "ಕಾವಲಿಗೆ ಹಾರ್ತದೆ."

"ಮತ್ತೆ? ನೀವು ಬಳಿದದ್ದು ಬಣ್ಣ ಅಲ್ಲ, ಪಾತ್ರೆ."

"ಇದು ಅಣ್ಣನ ಮಾತಲ್ವಾ ಅತ್ತಿಗೆ?"

"ಬೆಕ್ಕು ನನ್ನದು. ಜಿಂಕ್ ಅವರದ್ದು."

ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನನಗೂ ಹಾಗೆಯೇ. ಆಮೇಲೆ ಕುಳಿತು ಕೆರೆದ. ಬೆಳ್ಳಗೆ ಹೊಳೆಯುವ ತನಕ ಕೆರೆಯಲು ಹೇಳಿ, ನಾನು ಪಕ್ಕದಲ್ಲಿ ನಿಂತು ಇಲ್ಲಿ ಉಳಿಯಿತು, ಅಲ್ಲಿ ಉಳಿಯಿತು ಎಂದು ತೋರಿಸುತ್ತಿದ್ದೆ. ಇಷ್ಟು ವರ್ಷ ನಮ್ಮವರ ಬಾಯಿಯಿಂದ ಬಂದರೆ ನಾನು ರೇಗುತ್ತಿದ್ದ ಮಾತೆಲ್ಲ ಈಗ ನನ್ನ ಬಾಯಿಯಿಂದಲೇ ಬರುತ್ತಿತ್ತು.

ಮುಂದಿನ ಮಳೆಗಾಲ ಬೋಟನ್ನು ದಡಕ್ಕೆ ಎಳೆದಾಗ ಗೋಪಾಲ ಆ ಜಿಂಕನ್ನು ಬಿಚ್ಚಿ ಮನೆಗೆ ತಂದು ತೋರಿಸಿದ. ಅರ್ಧಕ್ಕರ್ಧ ಸವೆದು, ನೀರುದೋಸೆಯ ಹಾಗೆ ತೂತು ತೂತಾಗಿತ್ತು. ಪಂಕಕ್ಕೆ ಒಂದು ಗೀರೂ ಇಲ್ಲ ಎಂದ. ಹೊಸ ಜಿಂಕನ್ನು ಈಗ ಅವನೇ ಬಿಗಿಯುತ್ತಾನೆ. ಬಣ್ಣದ ಡಬ್ಬಿಯನ್ನು ಅದರ ಹತ್ತಿರಕ್ಕೂ ತರುವುದಿಲ್ಲ.

ಅಕ್ಕ ಮೊನ್ನೆ ಪುನಃ ಬಂದಿದ್ದಳು. ಗೇಟಿನ ಹತ್ತಿರ ನಿಂತು, ರೂಢಿಯಂತೆ ನೆರಿಗೆ ಎತ್ತಿ ಹಿಡಿದು, ಮೊಣಕೈಯಿಂದ ದೂಡಿ ಒಳಗೆ ಬಂದಳು. ಗೇಟು ಕಿರುಗುಟ್ಟಿತು. ಹಾಗೆ ಹೆದರಬೇಕಾಗಿಲ್ಲ ಎಂದು ನಾನು ಹೇಳಿದೆ. ಅವಳ ಸೀರೆಗೆ ಏನೂ ಹತ್ತಿರಲಿಲ್ಲ. ಅವರು ಹೋದ ಮೇಲೆ ಗೇಟಿಗೆ ಗ್ರೀಸು ಹಚ್ಚಿದವರಿಲ್ಲ.