ರುಚಿ ನೋಡದ ಬಾಣಸಿಗ

ಮನುಷ್ಯನಿಗೆ ಒಂದಾದರೂ ತತ್ವ ಇರಬೇಕು. ಎರಡಿದ್ದರೆ ಸಂಸಾರ ನಡೆಯುವುದಿಲ್ಲ. ಒಂದೂ ಇಲ್ಲದಿದ್ದರೆ ಚುನಾವಣೆಗೆ ನಿಲ್ಲಬೇಕಾಗುತ್ತದೆ. ನಾನು ಲೆಕ್ಕಕ್ಕೆ ಸರಿಯಾಗಿ ಒಂದನ್ನೇ ಇಟ್ಟುಕೊಂಡಿದ್ದೇನೆ. ನಾನು ಮಾಡಿದ ಅಡುಗೆಯನ್ನು, ಉಣ್ಣುವವರ ಪಂಗತಿ ಎದ್ದು ಹೋಗುವವರೆಗೆ ನಾನು ಬಾಯಿಗಿಡುವುದಿಲ್ಲ. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ, ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹೊಟ್ಟೆ ಪಂಗತಿ ಎದ್ದ ಮೇಲಿನದು.

ಈ ತತ್ವ ನನ್ನ ಸ್ವಂತ ಸಂಪಾದನೆಯಲ್ಲ, ಪಿತ್ರಾರ್ಜಿತ. ನಮ್ಮ ಅಪ್ಪ ಆಳಂದ ತಾಲ್ಲೂಕಿನ ಒಂದು ಸಣ್ಣ ಮಠದಲ್ಲಿ ದಾಸೋಹದ ಅಡುಗೆ ಮಾಡುತ್ತಿದ್ದರು. ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ ದಿನವೇ, "ಕೈ ಅಳತಿ, ಮೂಗು ಸಾಕ್ಷಿ. ನಾಲಿಗಿ ಸರದಿ ಪಂಗತಿ ಎದ್ದ ಮ್ಯಾಲ, ತಮ್ಮಾ. ನೀ ನೆಕ್ಕಿದ್ದು ಮಂದಿಗಿ ಬಡಸಬ್ಯಾಡ" ಎಂದು ಹೇಳಿ, ಸೌಟಿನ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡರು. ಬೇರೆಯವರು ಗ್ರಂಥದ ಮೇಲೆ ಆಣೆ ಮಾಡಿರಬಹುದು. ನನ್ನದು ಕಬ್ಬಿಣದ ಸೌಟು. ತಪ್ಪಿದರೆ ತಕ್ಷಣ ಶಿಕ್ಷೆ ಕೊಡುವ ಸಾಮರ್ಥ್ಯವೂ ಅದಕ್ಕಿತ್ತು.

ಆ ಮಾತನ್ನು ನಾನು ಅಫಜಲಪುರದಲ್ಲಿ ಇಪ್ಪತ್ತೆರಡು ವರ್ಷ ನಡೆಸಿದೆ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಖಾನಾವಳಿ ಇತ್ತು. ಒಲೆಯ ಮುಂದೆ ನಾನು, ರೊಟ್ಟಿಯ ಕಲ್ಲಿನ ಮುಂದೆ ನನ್ನ ಹೆಂಡತಿ ನೀಲಮ್ಮ. ಸಂತೆಯ ದಿನ ನಿಂತು ಉಣ್ಣುತ್ತಿದ್ದರು. ಉಪ್ಪು ಹೆಚ್ಚಾಯಿತು ಅಂದವರಿಲ್ಲ, ಕಡಿಮೆಯಾಯಿತು ಅಂದವರಿಲ್ಲ. ವರ್ಷಕ್ಕೊಮ್ಮೆ ನೀಲಮ್ಮ ಗೊಬ್ಬೂರಿನ ತವರಿಗೆ ಹೋದಾಗ ಮಾತ್ರ ಗಿರಾಕಿಗಳು ಉಪ್ಪಿನಕಾಯಿ ಮೇಲೆ ಉಪ್ಪಿನಕಾಯಿ ಕೇಳುತ್ತಿದ್ದರು. ಉಪ್ಪಿನಕಾಯಿ ಆ ಹೊತ್ತಿಗೆ ಚೆನ್ನಾಗಿ ಕಳಿತಿರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ; ಪಂಗತಿ ಎದ್ದ ಮೇಲೆ ನಾನೂ ಅದನ್ನೇ ನೆಂಚಿಕೊಂಡು ಉಣ್ಣುತ್ತಿದ್ದೆ. ಆ ಊರಿನ ಬಗ್ಗೆ ನನ್ನದು ಒಂದೇ ಒಂದು ತಕರಾರು. ದಿನಾ ಹನ್ನೊಂದು ಗಂಟೆಗೆ, ಬ್ಯಾಳಿ ಇಳಿಸುವ ಹೊತ್ತಿಗೆ ಸರಿಯಾಗಿ, ಹೊರಗೆ ಯಾರೋ ನನ್ನನ್ನು ಕರೆಯುತ್ತಿದ್ದರು. ನನಗೆ ಒಲೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ, ನೀಲಮ್ಮನೇ ಹೇಳುತ್ತಿದ್ದಳು: "ರೀ, ಹೊರಗ ಯಾರೋ ಕರಿಯಾಕತ್ತಾರ ನೋಡ್ರಿ." ಹೋಗಿ ನೋಡಿದರೆ ರಸ್ತೆಯಲ್ಲಿ ಒಂದು ಎಮ್ಮೆ, ಎರಡು ಟಂಟಂ ಆಟೋ, ಅಷ್ಟೇ. ಮನುಷ್ಯರಿಲ್ಲ. ಅಫಜಲಪುರದ ಜನ ಬಂಗಾರದಂಥವರು, ಆದರೆ ಕರೆದು ಓಡಿಹೋಗುವ ಚಾಳಿ ಇದೆ ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ.

ಇರಲಿ. ರಸ್ತೆ ಅಗಲವಾಯಿತು, ಖಾನಾವಳಿ ಕಿರಿದಾಯಿತು. ಎಷ್ಟು ಕಿರಿದಾಯಿತೆಂದರೆ ಹೊಸ್ತಿಲು ದಾಟಿದರೆ ಹಿಂದಿನ ಗೋಡೆ. ಅದೇ ಹೊತ್ತಿಗೆ ನರ್ಸ್ ಆಗಿರುವ ನಮ್ಮ ಮಗಳಿಗೆ ಒಂದು ಪ್ರವಾಸಿ ಊರಿನ ಆಸ್ಪತ್ರೆಗೆ ವರ್ಗವಾಯಿತು. ಗಂಡ ಹೆಂಡತಿ ಅವಳ ಬೆನ್ನು ಹತ್ತಿ ಹೊರಟೆವು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನ ಹೋಟೆಲಿನವರು ಇನ್ನೂ ನನಗೆ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾಗುತ್ತಾರೆ. ಕೋಟೆ ಇದೆ, ಹಾಳು ಗುಡಿಗಳಿವೆ, ಅವುಗಳ ಮುಂದೆ ನಿಂತು ಜಗತ್ತಿನ ಎಲ್ಲ ದೇಶದ ಜನ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ ಅಂದರೆ ಸಾಕು.

ಹೊರಡುವಾಗ ನನ್ನ ಹೆಂಡತಿಯ ತಮ್ಮ ಮಲ್ಲಣ್ಣ ಒಂದು ಉಪಕಾರ ಮಾಡಲು ಬಂದ. ಗೊಬ್ಬೂರಿನಲ್ಲಿ ಅವನದು ಬೀಜ, ಔಷಧಿ ಸಿಂಪಡಿಸುವ ಪಂಪುಗಳ ಅಂಗಡಿ. "ಮಾವಾರ, ಈ ವಯಸ್ಸಿನ್ಯಾಗ ಯಾವ ಹೋಟೆಲ್ ಅಂತ ಅಲಿತೀರಿ? ನಮ್ಮ ಅಂಗಡಿ ಗಲ್ಲಾದ ಮ್ಯಾಲ ಕುಂದರ್ರಿ. ಖುರ್ಚಿ ಫ್ಯಾನಿನ ಕೆಳಗೇ ಹಾಕೀನಿ" ಎಂದ. ನಾನು ಸಿಟ್ಟಿನಲ್ಲಿ, "ಶ್ರಾವಣ ಹಿಡಿಯೋದ್ರಾಗ ನನಗ ಒಲಿ ಸಿಗಲಿಲ್ಲಂದ್ರ ನಿನ್ನ ಖುರ್ಚಿಗೇ ಬರ್ತೇನಿ, ತಗೋ" ಎಂದುಬಿಟ್ಟೆ. ಸಿಟ್ಟಿನಲ್ಲಿ ಕೊಟ್ಟ ಮಾತನ್ನೂ ನಾನು ಉಳಿಸಿಕೊಳ್ಳುತ್ತೇನೆ ಎಂಬುದು ಅವನಿಗೆ ಗೊತ್ತು. ಅದಕ್ಕೇ ವಾರಕ್ಕೊಮ್ಮೆ ಫೋನು: "ಮಾವಾರ, ಖುರ್ಚಿ ಒರಸಿ ಇಟ್ಟೀನ್ರಿ." ಜೀವಮಾನವಿಡೀ ಬೆಂಕಿಯ ಮುಂದೆ ನಿಂತವನಿಗೆ ಫ್ಯಾನಿನ ಕೆಳಗಿನ ಖುರ್ಚಿ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅದು ಹೂವಿನ ಹಾರ ಹಾಕಿದ ಫೋಟೋಕ್ಕೆ ಒಂದೇ ಮೆಟ್ಟಿಲು ಕೆಳಗೆ.

ಆ ಊರಿನಲ್ಲಿ ನಮಗೆ ಗೊತ್ತಿದ್ದವನು ಜೇವರ್ಗಿಯ ಖಾಜಾಸಾಬ್ ಒಬ್ಬನೇ. ಮೊದಲು ಅಫಜಲಪುರದ ಸಂತೆಗೆ ಬಳೆ ಮಾರಲು ಬಂದು ನಮ್ಮಲ್ಲೇ ಉಣ್ಣುತ್ತಿದ್ದ; ಈಗ ಇಲ್ಲಿ ಪ್ರವಾಸಿಗರಿಗೆ ಆಟೋ ಓಡಿಸುತ್ತಾನೆ. ಎಲ್ಲ ಹೋಟೆಲುಗಳ ಹಿಂಬಾಗಿಲು ಅವನಿಗೆ ಪರಿಚಯ. "ಶರಣಪ್ಪಣ್ಣ, ಇಲ್ಲಿ ಅಡಗಿಯವ ಅಂತ ಹೇಳಬ್ಯಾಡ್ರಿ. ಶೆಫ್ ಅನ್ರಿ. ಅಡಗಿಯವ ಅಂದ್ರ ಪಾತ್ರಿ ತೊಳಿ ಅಂತಾರ" ಎಂದು ಬುದ್ಧಿ ಹೇಳಿದ. ನಾನು ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಶೆಫ್ ಅಂದೆ. ಸೀನು ಬಂದಂತಾಯಿತು.

ಮೊದಲ ಸಂದರ್ಶನ ಒಂದು ದೊಡ್ಡ ಹೋಟೆಲಿನಲ್ಲಿ. ಮೇಜಿನ ಆಚೆ ಮೂವರು, ಈಚೆ ನಾನು ಮತ್ತು ಬಟ್ಟೆಯಲ್ಲಿ ಕಟ್ಟಿದ ಹತ್ತು ಗರಿಗರಿ ಕಟಕ್ ರೊಟ್ಟಿ. ಬಯೋಡೇಟಾ ಎಲ್ಲಿ ಎಂದರು, ಗಂಟು ಬಿಚ್ಚಿಟ್ಟೆ. ಒಬ್ಬ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, "ಎಷ್ಟು ಥರದ ಅಡುಗೆ ಬರುತ್ತೆ ಸರ್?" ಎಂದಳು.

"ಎರಡು ಥರದ್ರಿ. ಹಬ್ಬದ್ದು, ಹಬ್ಬ ಇಲ್ಲದ್ದು."

"ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ನೋಡ್ತೀರಿ?"

"ಒಲಿ ಮುಂದ. ಅದು ಬಿಟ್ಟು ಬ್ಯಾರೆ ಕಡೆ ನಾ ನನ್ನ ನೋಡಿಲ್ರಿ."

ಅವಳು ಏನೋ ಬರೆದುಕೊಂಡಳು. ಇಷ್ಟುದ್ದ ಬರೆದಳೆಂದರೆ ಒಳ್ಳೆಯದೇ ಇರಬೇಕು. ಆಮೇಲೆ ಅಡುಗೆಮನೆಗೆ ಕರೆದೊಯ್ದು ತೊಗರಿ ಬ್ಯಾಳಿ ಮಾಡಿಸಿದರು. ತೊಗರಿ ನಮ್ಮ ಕಡೆಯದು, ಅದು ನನ್ನ ಗುರುತು ಹಿಡಿದು ಬೇಗ ಬೆಂದಿತು. ಅಲ್ಲಿಯ ಮುಖ್ಯ ಶೆಫ್, ಅರ್ಧ ಮೊಳದ ಬಿಳಿ ಟೋಪಿಯವರು, ನನ್ನ ಕೈಗೆ ಒಂದು ಸಣ್ಣ ಚಮಚ ಕೊಟ್ಟು "ಟೇಸ್ಟ್ ನೋಡಿ" ಎಂದರು.

"ನೋಡಂಗಿಲ್ರಿ."

"ಯಾಕೆ? ಉಪವಾಸವೇ?"

"ತತ್ವ."

ಟೋಪಿ ಸ್ವಲ್ಪ ಅಲುಗಿತು. "ರುಚಿ ನೋಡದೆ ಅಡುಗೆ ಮಾಡೋದು ಅಂದರೆ ಕಣ್ಣು ಮುಚ್ಚಿ ಗಾಡಿ ಓಡಿಸಿದ ಹಾಗೆ."

"ಆಳಂದ ರೋಡಿನ್ಯಾಗ ಕಣ್ಣು ತೆರೆದು ಓಡಿಸಿದ್ರೂ ಅಷ್ಟೇರಿ. ಕೈಗೆ ದಾರಿ ಗೊತ್ತಿದ್ರ ಊರು ಮುಟ್ಟತೇವಿ."

ಅವರೇ ರುಚಿ ನೋಡಿದರು. ನೋಡಿ, ಎರಡು ಗ್ಲಾಸು ನೀರು ಕುಡಿದರು. ಕಣ್ಣಲ್ಲಿ ನೀರಾಡಿತು. ನಾನು ಮೆಚ್ಚುಗೆ ಎಂದೇ ತಿಳಿದೆ. ಒಂದು ವಾರ ಕಾದ ಮೇಲೆ ಅದು ಮೆಚ್ಚುಗೆಯಲ್ಲ ಎಂಬುದು ಖಾಜಾಸಾಬನ ಮೂಲಕ ತಿಳಿಯಿತು. "ಅಣ್ಣಾ, ಒಂದ್ ಹನಿ ನೆಕ್ಕಿದ್ರ ಏನ್ ಗಂಟು ಹೋಗ್ತದ? ಯಾರ್ ನೋಡ್ತಾರ?" ಎಂದು ಅವನು ಕೇಳಿದ. "ಸೌಟು ನೋಡ್ತದ" ಎಂದೆ. ಅವನು ಆಟೋದ ಹಾರ್ನು ಬಾರಿಸಿ ಮಾತು ಬದಲಿಸಿದ.

ಎರಡನೆಯದು ಮಾಳಿಗೆಯ ಮೇಲಿನ ಹೋಟೆಲು. ಕುರ್ಚಿಗಳಿಲ್ಲ, ಎಲ್ಲರೂ ದಿಂಬಿಗೆ ಒರಗಿ ಬಾಣಂತಿಯರಂತೆ ಕಾಲು ಚಾಚಿ ಉಣ್ಣುತ್ತಾರೆ. ಮಾಲೀಕ ಜುಟ್ಟು ಕಟ್ಟಿದ ತರುಣ. ನಾನು ಎಣ್ಣೆಗಾಯಿ ಮಾಡಿದೆ. ಅವನೂ ಚಮಚ ಚಾಚಿದ, ನಾನೂ ಕೈ ಹಿಂದೆ ಕಟ್ಟಿಕೊಂಡೆ. ಅವನು ಒಂದು ತುತ್ತು ತಿಂದು, "ಉಪ್ಪು ಹಾಕಿದ್ದೀರಾ ಅಜ್ಜ?" ಎಂದ. ಉಪ್ಪಿನ ಮಾತನ್ನು ಬೇಕಾದರೆ ಮರೆಯಬಲ್ಲೆ. ಅಜ್ಜ ಎಂದಿದ್ದನ್ನು ಮರೆಯಲಾರೆ.

ಮನೆಗೆ ಬಂದು ನೀಲಮ್ಮನ ಮುಂದೆ ಆ ಊರಿಗೆ ಸಮಗ್ರವಾಗಿ ಛೀಮಾರಿ ಹಾಕಿದೆ. ಇಲ್ಲಿಯ ಉಪ್ಪಿಗೆ ಉಪ್ಪಿನ ಗುಣವಿಲ್ಲ, ಭೀಮೆಯ ನೀರಿಗಿದ್ದ ತೂಕ ಇಲ್ಲಿಯ ನೀರಿಗಿಲ್ಲ, ಗ್ಯಾಸಿನ ಉರಿಗೆ ಶ್ರದ್ಧೆ ಇಲ್ಲ ಎಂದೆಲ್ಲ ವಿವರಿಸಿದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು. ನನ್ನ ದುಃಖಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ.

"ಉಪ್ಪು ಎಷ್ಟು ಹಾಕಿದ್ರಿ?"

"ಯಾವತ್ತಿನಂಗ."

"ಯಾವತ್ತಿನಂಗ ಅಂದ್ರ?"

"ಅಂದ್ರ ಯಾವತ್ತಿನಂಗ! ಇಪ್ಪತ್ತೆರಡು ವರ್ಷ ಕೈ ತಪ್ಪಿಲ್ಲ, ಈಗ ತಪ್ಪತದೇನು?"

ಅವಳು ಗೋಡೆಯ ಕ್ಯಾಲೆಂಡರ್ ನೋಡಿ, "ಶ್ರಾವಣಕ್ಕ ಇನ್ನ ಎಂಟು ದಿನ ಅದ. ಮುಂದಿನ ಸಲ ನಾನೂ ಬರ್ತೇನಿ. ರೊಟ್ಟಿ ಬಡಿಯಾಕ" ಎಂದಳು.

ಮೂರನೆಯದು ಹಳೆಯ ವಾಡೆಯೊಂದನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ಇಳಿಯಲು ಕೊಡುತ್ತಿದ್ದ ಹೋಟೆಲು. ಒಡತಿ ಸುಮಾರು ಅರವತ್ತರ ಹೆಂಗಸು, ಕಡಿಮೆ ಮಾತು, ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಪ್ರಶ್ನೆ ಕೇಳಲಿಲ್ಲ, ಬಯೋಡೇಟಾ ಕೇಳಲಿಲ್ಲ. "ಇವತ್ತು ಮೂವತ್ತು ಜನ ಊಟಕ್ಕಿದ್ದಾರೆ. ಮಾಡಿ" ಎಂದರು. ನಾನು ಮೊದಲೇ ನನ್ನ ಷರತ್ತು ಹೇಳಿದೆ: "ನಾ ರುಚಿ ನೋಡಂಗಿಲ್ರಿ. ಆಮ್ಯಾಲ ತಕರಾರು ಬ್ಯಾಡ." ಅವರು ಕನ್ನಡಕ ಏರಿಸಿ ನನ್ನನ್ನು ಒಮ್ಮೆ, ನೀಲಮ್ಮನನ್ನು ಒಮ್ಮೆ ನೋಡಿ ಮೂಲೆಯ ಸ್ಟೂಲಿನ ಮೇಲೆ ಕೂತರು.

ಅಂದು ನಾನು ಅಪ್ಪನನ್ನು ನೆನೆದು ಅಡುಗೆ ಮಾಡಿದೆ. ಪುಂಡಿ ಪಲ್ಯ, ಬ್ಯಾಳಿ, ಎಣ್ಣೆಗಾಯಿ. ಪಕ್ಕದಲ್ಲಿ ನೀಲಮ್ಮನ ಅಂಗೈ ರೊಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಹನ್ನೊಂದಾಯಿತು. ಬ್ಯಾಳಿ ಇಳಿಸಿದೆ, ಮೂಗಿನ ಸಾಕ್ಷಿ ಪಡೆದೆ.

"ರೀ, ಹೊರಗ ಖಾಜಾಸಾಬ್ ಕರಿಯಾಕತ್ತಾನ ನೋಡ್ರಿ."

ಹೋದೆ. ಖಾಜಾಸಾಬ್ ಆಟೋದಲ್ಲಿ ಕಾಲು ಮೇಲೆ ಹಾಕಿಕೊಂಡು ಕೂತಿದ್ದ. "ನಾ ಎಲ್ಲಿ ಕರೆದೀನಿ?" ಎಂದವನು, ಅಡುಗೆಮನೆಯ ಕಡೆ ನೋಡಿ, ಏನೋ ನೆನಪಾದವನಂತೆ, "ಹಾಂ ಹಾಂ, ಕರೆದಿದ್ದೆ. ಕುಂದರ್ರಿ. ಹವಾ ಚೊಲೋ ಅದ" ಎಂದ. ಅಫಜಲಪುರದ ಚಾಳಿ ಜೇವರ್ಗಿಯವರಿಗೂ ಅಂಟಿದೆ ಎಂದುಕೊಂಡು ವಾಪಸಾದೆ.

ಮೂವತ್ತು ಜನ ಉಂಡರು. ನೀರು ಕೇಳಿದ್ದಕ್ಕಿಂತ ರೊಟ್ಟಿ ಕೇಳಿದ್ದು ಹೆಚ್ಚು. ಪರದೇಶದ ಒಬ್ಬ ಮುದುಕ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ. ಪಂಗತಿ ಎದ್ದ ಮೇಲೆ ಒಡತಿ ನನ್ನನ್ನು ಕರೆದು, "ಸೋಮವಾರದಿಂದ ಬನ್ನಿ" ಎಂದರು. ನನ್ನ ಎದೆ ಆ ಹಾಳು ಕೋಟೆಗಿಂತ ಅಗಲವಾಯಿತು. "ನೋಡಿದ್ರಿಲ್ರಿ? ನಾಲಿಗಿ ಹಚ್ಚಲಾರದನ ಮಾಡೀನಿ!" ಎಂದೆ.

"ನೋಡಿದೆ" ಎಂದರು ಒಡತಿ. "ನೀವು ಹೊರಗೆ ಹೋದಾಗ ನಿಮ್ಮ ಮನೆಯವರು ಅಂಗೈಗೆ ಒಂದೊಂದು ಹನಿ ಹಾಕಿಕೊಂಡು ನೋಡಿದರು. ಬ್ಯಾಳಿಗೆ ನೀರು ಬೆರೆಸಿದರು, ಪಲ್ಯಕ್ಕೆ ಒಂದು ಹಿಡಿ ಉಪ್ಪು ಹಾಕಿದರು. ಸೋಮವಾರ ಇಬ್ಬರೂ ಬನ್ನಿ. ಒಬ್ಬರೇ ಬರೋದಾದರೆ," ಎಂದು ಕನ್ನಡಕ ಕೆಳಗಿಳಿಸಿದರು, "ಅವರು ಬರಲಿ."

ಆಟೋ ಹತ್ತಿದ ಮೇಲೆ ಒಂದು ಮೈಲಿ ನಾನು ಬೆರಳು ಮಡಿಚಿ ಹಳೆಯ ವರ್ಷಗಳನ್ನು ಎಣಿಸಿದೆ. ಮೈಲಿ ಮುಗಿದ ಮೇಲೆ ಕೇಳಿದೆ. "ಎಷ್ಟು ದಿನದಿಂದ ನಡದದ ಇದು?"

"ಖಾನಾವಳಿ ತೆರೆದ ಮೂರನೇ ದಿನದಿಂದ್ರಿ," ಎಂದಳು ನೀಲಮ್ಮ, ಸೊಪ್ಪಿನ ಬೆಲೆ ಹೇಳುವಷ್ಟು ನಿರಾಳವಾಗಿ. "ಮೊದಲ ಎರಡು ದಿನ ಮಂದಿ ಅರ್ಧ ಉಂಡು ಎದ್ದಿದ್ರು."

"ಅಂದ್ರ ದಿನಾ ಹನ್ನೊಂದಕ್ಕ ಹೊರಗ ಕರೀತಿದ್ದವರು..."

"ಯಾರೂ ಇಲ್ರಿ."

"ನಮ್ಮ ಅಪ್ಪಗ ಮಾತು ಕೊಟ್ಟೀನಿ ಅಂತ ನಿನಗ ಗೊತ್ತಿಲ್ಲೇನು?"

"ನೀವು ಕೊಟ್ಟೀರಿ. ನಾ ಯಾರಿಗೂ ಕೊಟ್ಟಿಲ್ಲ. ಸೌಟಿಗೂ ಬಾಯಿ ಹಚ್ಚಿಲ್ಲ, ಅಂಗೈ ತೊಳಕೊಂಡೀನಿ."

ಮುಂದೆ ಖಾಜಾಸಾಬನ ಭುಜ ಕುಣಿಯುತ್ತಿತ್ತು. "ಮಾಫ್ ಮಾಡ್ರಿ ಅಣ್ಣಾ. ಭಾಭಿ ತವರಿಗಿ ಹೋದಾಗೆಲ್ಲ ನಾವು ಉಪ್ಪಿನಕಾಯಿ ಮ್ಯಾಲೇ ಜೀವ ಹಿಡದಿದ್ವಿ. ಇಡೀ ಸಂತಿಗಿ ಗೊತ್ತಿತ್ತು."

ಇಡೀ ಸಂತೆಗೆ ಗೊತ್ತಿದ್ದದ್ದು ಒಲೆಯ ಮುಂದೆ ನಿಂತವನೊಬ್ಬನಿಗೆ ಗೊತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ದುರ್ಬಲ ಮನಸ್ಸಿನವರು ತತ್ವ ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ. ಕೈಯ ಅಳತೆ ತಪ್ಪಿರಬಹುದು, ಮೂಗು ಸುಳ್ಳು ಸಾಕ್ಷಿ ಹೇಳಿರಬಹುದು. ನಾಲಿಗೆ ಮಾತ್ರ ಇಂದಿಗೂ ನಿರ್ದೋಷಿ. ಮಲ್ಲಣ್ಣನಿಗೆ ನಾನೇ ಫೋನು ಮಾಡಿ, "ಖುರ್ಚಿ ಮ್ಯಾಲ ನೀನೇ ಕುಂದ್ರು" ಎಂದೆ. ಹೋಟೆಲಿನಲ್ಲಿ ನನಗೆ ಬಿಳಿ ಟೋಪಿ ಕೊಟ್ಟಿದ್ದಾರೆ, ನೀಲಮ್ಮನಿಗೂ ಕೊಟ್ಟಿದ್ದಾರೆ. ಅವಳದು ಒಂದು ಬೆರಳು ಎತ್ತರ ಎಂದು ನನ್ನ ಗುಮಾನಿ, ಅಳೆಯಲು ಹೋಗಿಲ್ಲ.

ದಿನಾ ಹನ್ನೊಂದಕ್ಕೆ ಅವಳು ಯಾರೋ ಕರೆಯುತ್ತಿದ್ದಾರೆ ಎನ್ನುತ್ತಾಳೆ. ನಾನು ಗಂಭೀರವಾಗಿ ಕೈ ಒರೆಸಿಕೊಂಡು ಹೊರಗೆ ಹೋಗುತ್ತೇನೆ, ಯಾರೂ ಇಲ್ಲದ ಗೇಟಿನ ಹತ್ತಿರ ಐದು ನಿಮಿಷ ನಿಂತು ಗುಡಿಗಳನ್ನು ನೋಡುತ್ತೇನೆ, ಮೊದಲೇ ಕೆಮ್ಮಿ ಒಳಗೆ ಬರುತ್ತೇನೆ. ಮೊನ್ನೆ ಅವಳು ಒಡತಿಯ ಜೊತೆ ಮಾತಿಗೆ ಕೂತು ಕರೆಯುವುದನ್ನೇ ಮರೆತಳು. ಹನ್ನೊಂದೂಕಾಲಾಯಿತು. ಬ್ಯಾಳಿ ಆರುತ್ತಿತ್ತು. ಆಚೆ ಪಂಗತಿ ಕೂರುವ ಸದ್ದು. ನಾನು ಸೌಟನ್ನು ನೋಡಿದೆ, ಸೌಟು ನನ್ನನ್ನು ನೋಡಿತು. ಕೊನೆಗೆ ನಾನೇ ಬಾಗಿಲಿಗೆ ಬಂದು ಜೋರಾಗಿ ಕೇಳಿದೆ:

"ನೀಲಾ, ಹೊರಗ ನನ್ನ ಯಾರೂ ಕರಿಯಾಕತ್ತಿಲ್ಲೇನು ಇವತ್ತು?"