ಅಧ್ಯಕ್ಷರ ಮೂಗಿನ ಮೇಲೆ ದೊಡ್ಡ ಮುಳ್ಳು

ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಕನ್ನಡ ಸ್ನೇಹವರ್ಧಕ ಮಂಡಳಿಯು ಸನ್ಮಾನಿತರಿಗೆ ಶಾಲು ಹೊದಿಸುವ ಪದ್ಧತಿಯನ್ನು ೨೦೦೧ರಲ್ಲಿ ಕೈಬಿಟ್ಟಿತು. ಅದಕ್ಕೆ ಯೋಗ್ಯ ಕಾರಣವಿತ್ತು. ಮಂಡಳಿ ಹೊದಿಸಿದ ಶಾಲೊಂದು ಠಾಣೆಯ ಗೃಹಪ್ರವೇಶ, ಕಲ್ಯಾಣದ ಬೀಳ್ಕೊಡುಗೆ, ಕಾಮೋಠೆಯ ಷಷ್ಟ್ಯಬ್ದಿ ಎಲ್ಲ ಮುಗಿಸಿಕೊಂಡು ಬಂದು, ಅಧ್ಯಕ್ಷ ಸರ್ವೋತ್ತಮರಾಯರ ಹುಟ್ಟುಹಬ್ಬದ ದಿನ ಅವರದೇ ಹೆಗಲ ಮೇಲೆ ಕೂತಿತು. ಅಂಚಿನಲ್ಲಿದ್ದ ಸಾಂಬಾರಿನ ಕಲೆಯಿಂದ ರಾಯರು ಅದನ್ನು ಗುರುತು ಹಿಡಿದರು.

ಇನ್ನು ಮೇಲೆ ಕೈಗಡಿಯಾರ ಕೊಡತಕ್ಕದ್ದು, ಅದರ ಡಯಲಿನಲ್ಲಿ ಅಧ್ಯಕ್ಷರ ಭಾವಚಿತ್ರ ಇರತಕ್ಕದ್ದು ಎಂದು ನಿರ್ಣಯವಾಯಿತು. ರಾಯರ ಮೋರೆ ಇರುವ ವಾಚನ್ನು ಯಾರಿಗೆ ದಾಟಿಸಿದರೂ ಅವರು ತೆಗೆದುಕೊಳ್ಳುವುದಿಲ್ಲ ಎಂಬುದು ಕಾರ್ಯದರ್ಶಿ ಕಮಲಾಕ್ಷರ ವಾದ. ಆ ವಾದ ಇಂದಿಗೂ ಸುಳ್ಳಾಗಿಲ್ಲ.

ನಿರ್ಣಯವಾದಾಗ ಅಡುಗೆಕೋಣೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದು ನಿಂತವಳು ವಾರಿಜಾ. ಮಂಡಳಿಯ ಕಾರ್ಯಕ್ರಮಗಳ ಅಡುಗೆ, ಅದರಲ್ಲೂ ಎಲ್ಲರೂ ಕಾಯುವ ಹೋಳಿಗೆ, ಅವಳದು. ಸ್ವಂತ ಉದ್ಯೋಗವೆಂದರೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಮಧ್ಯಾಹ್ನದ ಡಬ್ಬಾ ಕಳಿಸುವುದು. ಅದನ್ನು ಶುರುಮಾಡಿದ ದಿನ ಸರ್ವೋತ್ತಮರಾಯರು, "ಹೊತ್ತಿಗೆ ಸರಿಯಾಗಿ ಊಟ ಮುಟ್ಟಿಸುವುದು ಹೆಂಗಸರ ಕೈಲಾಗುವ ಕೆಲಸವಲ್ಲ" ಅಂದಿದ್ದರು. ಈಗ ವಾಚಿನ ನಿರ್ಣಯ ಕೇಳಿದ್ದೇ ವಾರಿಜಾ, ಇದೇ ಮನುಷ್ಯ ಎಲ್ಲರೆದುರು ತನ್ನ ಕೈಗೆ ವಾಚು ಕಟ್ಟುವ ತನಕ ಬೇರೆ ವಾಚು ಕಟ್ಟುವುದಿಲ್ಲವೆಂದು ಹಟ ಹಿಡಿದಳು. ಡಬ್ಬಾ ಒಂದು ದಿನವೂ ತಡವಾಗಲಿಲ್ಲ. ಎಡಗೈ ಮಾತ್ರ ಬರಿದಾಗಿಯೇ ಉಳಿಯಿತು.

ಮೊದಮೊದಲ ವಾಚು ಆಗಿನ ರೂಢಿಯಂತೆ ತೆಳ್ಳಗೆ, ಚಿನ್ನದ ಬಣ್ಣದ್ದು. ಡಯಲು ನಾಲ್ಕಾಣೆಯಷ್ಟು, ಅದರ ನಡುವೆ ರಾಯರ ಮುಖ ಕಡಲೆಬೇಳೆಯಷ್ಟು. ಉಪಾಧ್ಯಕ್ಷರು ತಮ್ಮ ಮುಖವೂ ಬೇಕೆಂದರು. ಖಜಾಂಚಿ ಗುರುವಪ್ಪ ತಾನೇನು ಪಾಪ ಮಾಡಿದ್ದೇನೆಂದು ಕೇಳಿದರು. ಮುಖಗಳು ಹೆಚ್ಚಿದಂತೆ ಡಯಲು ಹಿಗ್ಗಿತು. ಅದೇ ಕಾಲಕ್ಕೆ ಊರಲ್ಲೆಲ್ಲ ದಪ್ಪ ವಾಚಿನ ಫ್ಯಾಷನ್ನು ಬಂದು, ಹುಡುಗರು ಹಪ್ಪಳದಗಲದ ಡಯಲು ಕಟ್ಟಿಕೊಂಡು ಲೋಕಲ್ ಟ್ರೇನಿನಲ್ಲಿ ಜೋತಾಡತೊಡಗಿದರು. ಫ್ಯಾಷನ್ನು ಪರದೇಶದಿಂದ ಬಂತೆಂದು ಪೇಪರಿನವರು ಬರೆದರು. ಮಂಡಳಿ ಈ ವಿಷಯದಲ್ಲಿ ಘನತೆಯ ಮೌನ ವಹಿಸಿತು.

ಅಂಕಿಗಳಿದ್ದ ಜಾಗಕ್ಕೆ ದಾನಿಗಳು ಬಂದರು. ಮೂರರಲ್ಲಿ ಮಸಾಲೆಪುಡಿ, ಒಂಬತ್ತರಲ್ಲಿ ಜೆರಾಕ್ಸ್ ಅಂಗಡಿ. ತಾರೀಕಿನ ಕಿಟಕಿಯಲ್ಲಿ ರಬಾಳೆಯ ಕಾರ್ಖಾನೆದಾರರೊಬ್ಬರು ವರ್ಷವಿಡೀ ಇಣುಕುತ್ತಿದ್ದರು.

ತೊಂದರೆ ಬಂದದ್ದು ಮುಳ್ಳುಗಳಿಂದ. ಅವುಗಳ ಮೊಳೆ ಸರಿಯಾಗಿ ರಾಯರ ಮೂಗಿನ ತುದಿಯಲ್ಲಿತ್ತು.

"ಸೆಕೆಂಡಿನ ಮುಳ್ಳು ನಿಮಿಷಕ್ಕೊಮ್ಮೆ ಬಂದು ನನ್ನ ಕೆನ್ನಿಗೆ ಹೊಡದಂಗ ಕಾಣಸ್ತದರೀ," ಎಂದು ಗುರುವಪ್ಪ ಮಹಾಸಭೆಯಲ್ಲಿ ಅಳಲು ತೋಡಿಕೊಂಡರು. "ಮೊಮ್ಮಗ ನೋಡಿ ನಗತಾನ."

ಸೆಕೆಂಡಿನ ಮುಳ್ಳು ಹೋಯಿತು. ಉಪಾಧ್ಯಕ್ಷರ ದೂರಿನ ಮೇರೆಗೆ ನಿಮಿಷದ್ದು ಹೋಯಿತು. ಉಳಿದ ಗಂಟೆಯ ಮುಳ್ಳು ರಾಯರಿಗೆ ಒಂದೇ ಕಡೆ ಮೀಸೆ ಬಂದಂತೆ ತೋರಿಸುತ್ತಿದ್ದುದರಿಂದ ೨೦೧೨ರಲ್ಲಿ ಅದನ್ನೂ ವಿಸರ್ಜಿಸಲಾಯಿತು. ಪ್ರಕಟಣೆ ಹೀಗಿತ್ತು: "ಮಂಡಳಿಯ ವಾಚು ಇನ್ನು ಮುಂದೆ ಸಮಯಕ್ಕೆ ಬದ್ಧವಾಗಿರುವುದಿಲ್ಲ. ಸಮಯ ಬೇಕಾದ ಸದಸ್ಯರು ಸ್ವಂತ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು." ಎಲ್ಲರ ಜೇಬಿನಲ್ಲೂ ಮೊಬೈಲಿದ್ದ ಕಾರಣ ಆಕ್ಷೇಪಣೆ ಬರಲಿಲ್ಲ.

ಆ ವರ್ಷದ ಸನ್ಮಾನ ವಾರಿಜಾಳಿಗೆ. ಕಾರಣ: ಸಮಯಪಾಲನೆ. ಕಮಲಾಕ್ಷರು ವಾಚಿನ ಮಾದರಿ ಹಿಡಿದು ಮನೆಗೆ ಬಂದರು.

"ಇದೆಂತ ಕಮಲಾಕ್ಷಣ್ಣ, ಮುಳ್ಳೇ ಇಲ್ಲವಲ್ಲ?"

"ಲೇಟೆಸ್ಟ್ ಡಿಸೈನ್ ವಾರಿಜಕ್ಕ. ಈಗ ಎಲ್ಲ ಸಿಂಪಲ್ಲೇ ಚಂದ ಅಂತ."

"ಒಳಗೆ ಮಶೀನಾದರೂ ಉಂಟಾ?"

"ಮುಳ್ಳೇ ಇಲ್ಲದ ಮೇಲೆ ಮಶೀನಿಗೆ ಎಂತ ಕೆಲಸ ಮಾರಾಯ್ತಿ?"

ಮಗಳು ಅಪರ್ಣಾ ಸೋಫಾದಿಂದ ತಲೆಯೆತ್ತದೆ, "ಮಮ್ಮಿ, ಮೊಬೈಲ್ ಮೇ ಟೈಮ್ ದಿಖ್ತಾ ಹೈ ನಾ," ಅಂದಳು.

"ನೀನು ಸುಮ್ಮನಿರು. ಹೊತ್ತಿಗೆ ಸರಿಯಾಗಿ ಊಟ ಮುಟ್ಟಿಸಿದ್ದಕ್ಕೆ ತಾನೇ ಈ ಸನ್ಮಾನ? ಹಾಗಾದರೆ ಹೊತ್ತು ತೋರಿಸುವ ವಾಚೇ ಆಗಬೇಕು. ಅದನ್ನು ರಾಯರೇ ಕಟ್ಟಬೇಕು. ಇಲ್ಲದಿದ್ದರೆ ನಾನು ವೇದಿಕೆಗೂ ಬರುವುದಿಲ್ಲ, ಅಡುಗೆಗೂ ಬರುವುದಿಲ್ಲ."

ಮೊದಲ ಬೆದರಿಕೆಯನ್ನು ಸಮಿತಿ ಗಮನಿಸಿತು. ಎರಡನೆಯದಕ್ಕಾಗಿ ತುರ್ತು ಸಭೆ ಕರೆಯಿತು.

"ಮುಳ್ಳು ಹಾಕಿದರೆ ನಮ್ಮ ಮುಖ ಹೋಗುತ್ತದೆ," ಎಂದರು ರಾಯರು.

"ಹೋಳಿಗಿ ಹೋದ್ರ?" ಎಂದರು ಗುರುವಪ್ಪ.

ಎರಡು ಮುಳ್ಳುಗಳನ್ನು ಸರ್ವಾನುಮತದಿಂದ ಪುನಃಸ್ಥಾಪಿಸಲಾಯಿತು. ಕಮಲಾಕ್ಷರು ಒಂದು ಸಣ್ಣ ತಿದ್ದುಪಡಿ ಸೂಚಿಸಿದರು. ಶ್ರೀಮತಿ ವಾರಿಜಾ ಅವರನ್ನು ಮಹಿಳಾ ಪ್ರತಿನಿಧಿಯಾಗಿ ಸಮಿತಿಗೆ ಸೇರಿಸಿಕೊಳ್ಳುವುದು, ನಿಯಮದಂತೆ ಅವರ ಭಾವಚಿತ್ರವನ್ನು ಹನ್ನೆರಡರ ಜಾಗದಲ್ಲಿ ಅಚ್ಚುಹಾಕುವುದು.

ಕಮಲಾಕ್ಷರು ಹೊಸ ಮಾದರಿ ತಂದಾಗ ವಾರಿಜಾ ಆಗಷ್ಟೇ ಡಬ್ಬಾ ಸಾಗಿಸಿ ಕೂತಿದ್ದಳು. ಕನ್ನಡಕ ಹಾಕಿಕೊಂಡು ನೋಡಿದಳು. ಎಲ್ಲರಿಗಿಂತ ಮೇಲೆ, ರಾಯರ ನೆತ್ತಿಯ ಮೇಲೆಯೇ, ರೇಷ್ಮೆ ಸೀರೆಯಲ್ಲಿ ತಾನು. ಮೂಗುತಿ ಕೂಡ ಸ್ಪಷ್ಟವಾಗಿ ಬಿದ್ದಿತ್ತು. ಮುಳ್ಳುಗಳು ಓಡುತ್ತಿದ್ದವು. ಅವಳು ಕಣ್ಣು ಕೀಳಲಿಲ್ಲ. ನೋಡನೋಡುತ್ತ ಮಧ್ಯಾಹ್ನದ ಹನ್ನೆರಡಾಗುತ್ತ ಬಂತು. ದೊಡ್ಡದೂ ಸಣ್ಣದೂ ಜೊತೆಯಾಗಿ ಮೇಲೆ ಹತ್ತಿದವು. ಮೊದಲು ಕಿವಿಯೋಲೆ ಹೋಯಿತು, ಆಮೇಲೆ ಮೂಗುತಿ. ಅವಳ ಊಟ ವಾಗ್ಳೆ ಎಸ್ಟೇಟು ಮುಟ್ಟುವ ಹೊತ್ತಿಗೆ ಸರಿಯಾಗಿ ಡಯಲಿನಲ್ಲಿ ಅವಳೇ ಇರಲಿಲ್ಲ.

"ಕಮಲಾಕ್ಷಣ್ಣ, ಈ ಮುಳ್ಳು ಹಾಕಲು ಹೇಳಿದವರು ಯಾರು?"

"ನೀವೇ ಅಲ್ಲವಾ ವಾರಿಜಕ್ಕ!"

"ನಾನು ಹೊತ್ತು ತೋರಿಸಿ ಅಂದದ್ದು. ಮುಖಕ್ಕೆ ಕಡ್ಡಿ ಚುಚ್ಚಿ ಅಂದದ್ದಲ್ಲ."

"ಹಾಗಾದರೆ ತೆಗೆಸುವುದಾ?"

"ಮತ್ತೆಂತ? ಇದು ಯಾರು ಅಂತ ಜನ ಕೇಳಲಿಕ್ಕಿಲ್ಲವಾ?"

"ಹೊತ್ತು ಬೇಕು ಅಂದಿದ್ದಿರಿ..."

"ಹೊತ್ತು ನನಗೆ ಬಾಯಿಪಾಠ ಉಂಟು," ಅಂದಳು ವಾರಿಜಾ.

ಸಮಾರಂಭ ಅಷ್ಟೇನೂ ತಡವಾಗದೆ, ಅತಿಥಿಗಳು ಬಂದಾಗ ಆರಂಭವಾಯಿತು. ಸರ್ವೋತ್ತಮರಾಯರು ಎಲ್ಲರೆದುರು ಅವಳ ಎಡಗೈ ಹಿಡಿದು ಮುಳ್ಳಿಲ್ಲದ ವಾಚು ಕಟ್ಟಿ, ಸಮಯಪಾಲನೆಯಲ್ಲಿ ಹೆಂಗಸರನ್ನು ಮೀರಿಸುವವರಿಲ್ಲವೆಂದು ತಾವು ಮೊದಲಿನಿಂದಲೂ ಹೇಳುತ್ತ ಬಂದುದಾಗಿ ತಿಳಿಸಿದರು. ಚಪ್ಪಾಳೆ ಬಿತ್ತು. ವಾರಿಜಾ ಗಂಭೀರವಾಗಿ ನಮಸ್ಕರಿಸಿ, ಸೆರಗು ಸಿಕ್ಕಿಸಿ ಹೋಳಿಗೆ ಬಡಿಸಲು ಇಳಿದಳು.

ಪಂಕ್ತಿಯ ಕೊನೆಯಲ್ಲಿ ಯಾರೋ ಹಳೆಯ ಅಭ್ಯಾಸದಿಂದ, "ಗಂಟೆ ಎಷ್ಟಾಯಿತು ವಾರಿಜಕ್ಕ?" ಎಂದು ಕೇಳಿದರು.

ವಾರಿಜಾ ಮಣಿಕಟ್ಟು ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, ಡಯಲಿನ ಹನ್ನೆರಡರ ಜಾಗವನ್ನು ತುಂಬ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೆ," ಅಂದಳು.

ಕೇಳಿದವರು ತಲೆಯಾಡಿಸಿ, ಇನ್ನೂ ಸಾಕಷ್ಟು ಹೊತ್ತಿದೆಯೆಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.