ಬಿಟ್ಟ ಮೀನು ಬೆನ್ನು ಬಿಡಲಿಲ್ಲ

ನಾನು ತೆಪ್ಪಗಿದ್ದರೂ ಆ ಮೀನು ನನ್ನನ್ನು ತೆಪ್ಪಗಿರಲು ಬಿಡುವುದಿಲ್ಲ. ಹುಟ್ಟೂರು ಧಾರವಾಡ, ನೌಕರಿ ಆಂಧ್ರದಲ್ಲಿ, ಸೊಳ್ಳೆ ನಿಯಂತ್ರಣ. ಬೆರಳುದ್ದವೂ ಇಲ್ಲದ ಗಂಬೂಸಿಯಾ ಮೀನು ಸೊಳ್ಳೆಮರಿ ತಿನ್ನುತ್ತದೆಂದು ಮನೆಮನೆಗೆ ಹಂಚಿದ ಮಹಾನುಭಾವ ನಾನೇ.

೧. ಮೊಸರನ್ನ

ವಿಜಯವಾಡದ ಅಜ್ಜಿಯೊಬ್ಬರು ಬಾವಿಗೆ ಅಡ್ಡ ನಿಂತರು.

"ಮಡಿನೀರಿಗೆ ಮೀನೇ? ಏನು ತಿನ್ನುತ್ತದೆ ಅದು?"

"ಸೊಳ್ಳೆಮರಿ, ಅಮ್ಮಾ."

"ಛೀ! ನಮ್ಮ ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ."

ಗೋಗರೆದು ಹತ್ತು ಬಿಟ್ಟು ಬಂದೆ. ತಿಂಗಳಾದ ಮೇಲೆ ಹೋದರೆ ಅಜ್ಜಿಯ ಮೈತುಂಬ ಸೊಳ್ಳೆ ಕಚ್ಚಿದ ಗುಳ್ಳೆ. ಮೀನು ಮಾತ್ರ ದುಂಡದುಂಡಗೆ!

"ಎರಡು ಹೊತ್ತೂ ಮೊಸರನ್ನ ಹಾಕುತ್ತೇನೆ," ಎಂದರು ಹೆಮ್ಮೆಯಿಂದ. "ಈಗ ಅವು ಸೊಳ್ಳೆಯ ತಂಟೆಗೇ ಹೋಗುವುದಿಲ್ಲ."

೨. ತಾಂಬೂಲ

ವಿಶಾಖಪಟ್ಟಣಕ್ಕೆ ವರ್ಗವಾಯಿತು. ನೌಕಾಪಡೆಯಲ್ಲಿದ್ದ ಮಂಡ್ಯದವರೊಬ್ಬರ ತೊಟ್ಟಿಗೆ ಇಪ್ಪತ್ತು ಮೀನು ಕೊಟ್ಟೆ. ಇದು ಮೊಟ್ಟೆ ಇಡುವ ಜಾತಿಯಲ್ಲ, ಮರಿ ಹಾಕುವ ಜಾತಿ. ಹಾಕುತ್ತಲೇ ಇರುತ್ತದೆ, ಮಾರಾಯರೆ! ಅವರ ಮಗಳ ನಾಮಕರಣಕ್ಕೆ ಹೋದರೆ ತಾಂಬೂಲದ ಚೀಲದಲ್ಲಿ ಕಾಯಿ, ಎಲೆ-ಅಡಿಕೆ, ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಮೀನು. ಅನಕಾಪಲ್ಲಿಯ ನೆಂಟರೂ ಎರಡೆರಡು ಹಿಡಿದು ಹೊರಟಿದ್ದರು.

"ಎರಡು ಯಾಕೆ ಸಾರ್?" ಎಂದೆ.

"ಒಂಟಿ ಕೊಡಬಾರ್ದಲ್ವಾ ಸಾರ್? ಹೆಣ್ಣು-ಗಂಡು ನೋಡಿನೇ ಹಾಕಿಸಿದೀನಿ."

೩. ಹರಕೆ

ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು. ಈ ಮೀನು ಪರದೇಶದ್ದು, ಊರಿನ ಮೀನುಗಳ ಮೊಟ್ಟೆ-ಮರಿಯನ್ನೂ ನುಂಗುತ್ತದೆ, ತೆಗೆಯಿರಿ! ಋಷಿಕೊಂಡದ ಹತ್ತಿರದ ಒಂದು ಕೊಳ ನನ್ನ ತಲೆಗೆ ಬಿತ್ತು. ನಿವೃತ್ತಿಗೆ ಒಂದೇ ವಾರ. ಕೊಳ ಚೊಕ್ಕಟವಾಗದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. "ಈ ಮೀನಿನ ಕೆಲಸ ಒಂದು ನೆಟ್ಟಗಾಗಲಪ್ಪಾ ದೇವರೇ," ಎಂದು ಮನೆಯಲ್ಲಿ ದಿನಾ ಗೋಳಾಡಿದೆ. ನೀರು ಬಸಿದು, ಕೆಸರು ಜಾಲಾಡಿ, ಮತ್ತೆ ನೀರು ತುಂಬಿಸಿ ಊರಿನ ಮೀನು ಬಿಟ್ಟೆವು.

ತಪಾಸಣೆಗೆ ಬಂದ ಸಾಹೇಬರು ಮೂರು ಸಲ ಬಲೆ ಹಾಕಿಸಿದರು. ಒಂದೇ ಒಂದು ಗಂಬೂಸಿಯಾ ಇಲ್ಲ. "ಭೇಷ್!" ಎಂದು ಸಹಿಗೆ ಪೆನ್ನು ತೆಗೆದರು. ನನಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ನನ್ನ ಹೆಂಡತಿ ಬಂದಳು. ಕುಂಕುಮ ಹಚ್ಚಿದ ಕೊಡವನ್ನು ಕೈಮುಗಿದು ಕೊಳಕ್ಕೆ ಸುರಿದೇಬಿಟ್ಟಳು. ಅವಳು ತೆಲುಗಿನವಳು, ಕನ್ನಡ ನನ್ನಿಂದ ಕಲಿತದ್ದು.

"ಏನಽ ಅದು?" ಎಂದು ಚೀರಿದೆ.

"ಏಮಂಡೀ, ನಿಮ್ಮ ಮೀನಿನ ಕೆಲಸ ಸುಸೂತ್ರ ಆದ್ರ ನೂರಾ ಎಂಟು ಮೀನು ಬಿಡ್ತೀನಂತ ಹರಕಿ ಹೊತ್ತಿದ್ದೆ. ಮಂಡ್ಯದವರ ತೊಟ್ಟಿಯಿಂದ ತಂದೆ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದೆ.

ಲೆಕ್ಕದಲ್ಲಿ ಕಡಿಮೆ ಬಿತ್ತೆಂದು ನನಗೆ ಸಂಕಟವಾಗಿದೆ ಅಂದುಕೊಂಡಳೋ ಏನೋ, ಹತ್ತಿರ ಬಂದು ಸಮಾಧಾನ ಹೇಳಿದಳು: "ಹೆದರಬ್ಯಾಡ್ರಿ, ಎಣಿಸೇ ತಂದೀನಿ. ದಾರ್ಯಾಗ ಒಂದು ಹಡೀತು ಬ್ಯಾರೆ, ಈಗ ನೂರಾ ಎಂಟಕ್ಕಿಂತ ಜಾಸ್ತೀನ ಅದಾವು!"